ನಿಂತರೆ ನಿಲ್ಲುವ ನೋವು: ಹೃದಯದ ಮುನ್ಸೂಚನೆಯನ್ನು ವೈದ್ಯರು ಗುರುತಿಸಿದ ಬಗೆ

ನಿಮ್ಮ ತರಗತಿಯಲ್ಲಿ ಈ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿ: ಹೃದಯದ ತೊಂದರೆಯನ್ನು ಎಲ್ಲಕ್ಕಿಂತ ಮೊದಲು ತಿಳಿಸುವ ಸಾಧನ ಯಾವುದು? ಕೆಲವರು ಸ್ಟೆತಸ್ಕೋಪ್ ಎನ್ನುತ್ತಾರೆ. ಹೆಚ್ಚಿನವರು ಇಸಿಜಿ ಎನ್ನುತ್ತಾರೆ. ದಿನಪತ್ರಿಕೆ ಓದುವ ಒಬ್ಬಿಬ್ಬರು ಆಂಜಿಯೋಗ್ರಾಂ ಎಂದೂ ಹೇಳಬಹುದು. ಸ್ಟೆತಸ್ಕೋಪ್ ರೂಪುಗೊಂಡದ್ದು 1816ರಲ್ಲಿ. ಇಸಿಜಿ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಆಂಜಿಯೋಗ್ರಾಂ ಇನ್ನೂ ಈಚಿನದು. ಆದರೆ ಹೃದಯ ನೀಡುವ ಅತಿ ಮುಖ್ಯ ಎಚ್ಚರಿಕೆಯೊಂದನ್ನು ಗುರುತಿಸಿ, ವರ್ಣಿಸಿ, ಅದಕ್ಕೊಂದು ಹೆಸರನ್ನೂ ಇಟ್ಟದ್ದು 1768ರಲ್ಲಿ! ಆಗ ವೈದ್ಯನ ಕೈಯಲ್ಲಿ ಇಂಥ ಯಾವ ಉಪಕರಣವೂ ಇರಲಿಲ್ಲ. ಇದ್ದದ್ದು ರೋಗಿಯ ಮಾತು ಮತ್ತು ಆ ಮಾತನ್ನು ತಾಳ್ಮೆಯಿಂದ ಬರೆದಿಟ್ಟುಕೊಳ್ಳುವ ಅಭ್ಯಾಸ.

ಅದಾಗಿ ಇನ್ನೂರೈವತ್ತು ವರ್ಷಗಳು ಕಳೆದಿವೆ. ಆದರೂ ಅದೇ ಎಚ್ಚರಿಕೆಯನ್ನು ‘ಗ್ಯಾಸ್ಟ್ರಿಕ್’ ಎಂದು ಕರೆದು, ಸೋಡಾ ಕುಡಿದು ಮಲಗಿಬಿಡುವವರು ನಮ್ಮ ನಡುವೆ ಇದ್ದಾರೆ. ಅವರನ್ನು ಅಜ್ಞಾನಿಗಳೆಂದು ಹಳಿಯುವ ಮೊದಲು ಸ್ವಲ್ಪ ಇತಿಹಾಸ ತಿಳಿಯುವುದು ಒಳ್ಳೆಯದು. ಅದೇ ತಪ್ಪನ್ನು ದೊಡ್ಡ ದೊಡ್ಡ ವೈದ್ಯರೂ ಮಾಡಿದ್ದಾರೆ. ತಮ್ಮ ಸ್ವಂತ ಎದೆನೋವಿನ ವಿಷಯದಲ್ಲೂ ಮಾಡಿದ್ದಾರೆ.

ಹೆಬರ್ಡನ್‌ನ ಟಿಪ್ಪಣಿಗಳು

ವಿಲಿಯಂ ಹೆಬರ್ಡನ್ (1710–1801) ಲಂಡನ್ನಿನ ಹೆಸರಾಂತ ವೈದ್ಯ. ರೋಗಿಗಳು ಹೇಳಿದ್ದನ್ನು, ತಾನು ಕಂಡದ್ದನ್ನು ಟಿಪ್ಪಣಿ ಮಾಡಿಕೊಳ್ಳುವುದು ಅವನ ರೂಢಿ. 1768ರ ಜುಲೈ 21ರಂದು ಅವನು ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯ ಸಭೆಯಲ್ಲಿ ಎದೆಯ ಒಂದು ಬೇನೆಯನ್ನು ಕುರಿತು ಪ್ರಬಂಧ ಓದಿದ. 1772ರಲ್ಲಿ ಅದು ಅಚ್ಚಾಯಿತು. ಕೆಲವೇ ಪುಟಗಳ ಬರಹ ಅದು. ಅದರಲ್ಲಿ ಸಿದ್ಧಾಂತದ ಆಡಂಬರವಿಲ್ಲ. ಆದರೆ ಇಂದಿನ ವೈದ್ಯಕೀಯ ವಿದ್ಯಾರ್ಥಿ ಓದಿದರೂ ಅದರಲ್ಲಿ ಹೆಚ್ಚೇನೂ ತಿದ್ದಬೇಕಾಗಿಲ್ಲ.

ಹೆಬರ್ಡನ್ ಗಮನಿಸಿದ್ದು ಏನು? ಈ ರೋಗಿಗಳಿಗೆ ನೋವು ಬರುವುದು ನಡೆಯುವಾಗ. ಅದರಲ್ಲೂ ಏರು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿನಲ್ಲೇ ನಡೆದಾಗ. ಇನ್ನೊಂದು ಹೆಜ್ಜೆ ಇಟ್ಟರೆ ಪ್ರಾಣವೇ ಹೋದೀತು ಎನ್ನುವಂಥ ಹಿಡಿತ. ಆದರೆ ನಿಂತೊಡನೆ ಅದು ಮಾಯ! ನೋವಿನ ಜಾಗ ಎದೆಮೂಳೆಯ ಮೇಲ್ಭಾಗ, ನಡುಭಾಗ ಅಥವಾ ಕೆಳಭಾಗ. ಹಲವರಲ್ಲಿ ಅದು ಎಡತೋಳಿನ ನಡುವಿನವರೆಗೂ ಹರಡುತ್ತದೆ. ತಿಂಗಳುಗಳು ಕಳೆದಂತೆ ನಿಂತರೂ ಅದು ಬೇಗನೆ ಹೋಗುವುದಿಲ್ಲ. ಕೊನೆಗೆ ಮಲಗಿದ್ದಾಗಲೂ ಬರತೊಡಗುತ್ತದೆ. ಕೆಲವರು ಹಠಾತ್ತನೆ ಕುಸಿದು ಸಾಯುತ್ತಾರೆ.

ರೋಗಿಗಳು ಹೇಳುತ್ತಿದ್ದ ಉಸಿರುಗಟ್ಟಿಸುವ ಬಿಗಿತವನ್ನು ಗಮನಿಸಿ ಅವನು ಈ ಬೇನೆಯನ್ನು ‘ಆಂಜೈನಾ ಪೆಕ್ಟೋರಿಸ್’ ಎಂದು ಕರೆದ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಎದೆಯನ್ನು ಹಿಸುಕಿದಂತಹ ಬಾಧೆ. ಅವನು ‘ಹೃದಯದ ನೋವು’ ಎನ್ನಲಿಲ್ಲ ಎಂಬುದನ್ನು ಗಮನಿಸಿ. ಈ ನೋವಿಗೆ ಹೃದಯದ ರಕ್ತನಾಳಗಳು ಕಾರಣ ಎಂಬುದು ಹೆಬರ್ಡನ್‌ನಿಗೆ ಗೊತ್ತಿರಲಿಲ್ಲ. ಕಾರಣ ತಿಳಿಯದೆಯೂ ಲಕ್ಷಣವನ್ನು ಸರಿಯಾಗಿ ಗುರುತಿಸಬಹುದು ಎನ್ನುವುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು ಎಂದು ನನಗನ್ನಿಸುತ್ತದೆ.

ಅವನ ಟಿಪ್ಪಣಿಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ದಿನವೂ ಅರ್ಧ ಗಂಟೆ ಮರ ಕೊಯ್ಯುವುದನ್ನು ರೂಢಿಸಿಕೊಂಡ ಒಬ್ಬ ರೋಗಿ ಬಹುಮಟ್ಟಿಗೆ ಗುಣಹೊಂದಿದನೆಂದು ಹೆಬರ್ಡನ್ ದಾಖಲಿಸಿದ್ದಾನೆ. ಹೃದ್ರೋಗಿಗಳಿಗೆ ಹಿತಮಿತ ವ್ಯಾಯಾಮವನ್ನು ವೈದ್ಯರು ಧೈರ್ಯವಾಗಿ ಹೇಳಲು ಆ ಬಳಿಕ ಸುಮಾರು ಇನ್ನೂರು ವರ್ಷ ಬೇಕಾಯಿತು!

ಮುಂದೆ ಅವನು ಕಂಡ ರೋಗಿಗಳ ಸಂಖ್ಯೆ ನೂರರ ಹತ್ತಿರ ಬಂದಿತು. ಅವರಲ್ಲಿ ಹೆಂಗಸರು ಮೂವರು. 12 ವರ್ಷದ ಹುಡುಗ ಒಬ್ಬ. ಉಳಿದವರೆಲ್ಲ 50ರ ಆಸುಪಾಸಿನ ಅಥವಾ ಅದನ್ನು ದಾಟಿದ ಗಂಡಸರು. ಈ ಅಂಕಿಗಳನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತವೆ.

ಹೆಸರಿಲ್ಲದ ಪತ್ರ, ಸೂರಿನ ಗಾರೆ

ಪ್ರಬಂಧ ಅಚ್ಚಾದ ವರ್ಷವೇ ಹೆಬರ್ಡನ್‌ನಿಗೆ ಒಂದು ಪತ್ರ ಬಂದಿತು. ಬರೆದವನು ಹೆಸರು ಹಾಕಿರಲಿಲ್ಲ. 52ನೆಯ ವಯಸ್ಸು ನಡೆಯುತ್ತಿದೆ ಎಂದಷ್ಟೇ ತಿಳಿಸಿದ್ದ. ಪ್ರಬಂಧದ ಪರಿಚಯವನ್ನು ಪತ್ರಿಕೆಯೊಂದರಲ್ಲಿ ಓದಿ, ಅದರಲ್ಲಿ ತನ್ನದೇ ಕಾಯಿಲೆಯನ್ನು ಗುರುತಿಸಿದ್ದ ಆತ. ನಡೆಯುವಾಗ ಎಡತೋಳು, ಎದೆಗಳಲ್ಲಿ ನೋವು. ಒಮ್ಮೊಮ್ಮೆ ದೇಹದೊಳಗಿನ ಕಾರ್ಯಗಳೆಲ್ಲ ಮೂರು ನಾಲ್ಕು ಸೆಕೆಂಡು ನಿಂತೇಹೋದಂತಹ ಅನುಭವ. ತಾನು ಹಠಾತ್ತನೆ ಸತ್ತರೆ ದೇಹವನ್ನು ಕೊಯ್ದು ಕಾರಣ ಹುಡುಕಬೇಕು, ಅದರಿಂದ ಬೇರೆಯವರಿಗೆ ಉಪಯೋಗವಾಗಲಿ ಎಂಬುದು ಅವನ ಕೋರಿಕೆ. ಕೆಲವೇ ವಾರಗಳಲ್ಲಿ ಆತ ಸತ್ತ. ಶವಪರೀಕ್ಷೆ ನಡೆಸಿದವನು ಆ ಕಾಲದ ಅತಿ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್. ಸಾವಿಗೆ ಸ್ಪಷ್ಟ ಕಾರಣವೇನೂ ಸಿಗಲಿಲ್ಲ. ಹೃದಯವನ್ನು ಕಿರೀಟದಂತೆ ಸುತ್ತುವರಿದು ಅದರ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಧಮನಿಗಳನ್ನು ಯಾರೂ ತೆರೆದು ನೋಡಲಿಲ್ಲ!

ಅವನ್ನು ನೋಡಿದವನು ಹಂಟರನ ಶಿಷ್ಯ ಎಡ್ವರ್ಡ್ ಜೆನ್ನರ್. ಹೌದು, ಸಿಡುಬಿನ ಲಸಿಕೆಯ ಜೆನ್ನರನೇ. ಆಂಜೈನಾದಿಂದ ಸತ್ತ ಒಬ್ಬನ ಹೃದಯವನ್ನು ಕೊಯ್ಯುತ್ತಿದ್ದಾಗ ಅವನ ಕತ್ತಿಗೆ ಏನೋ ಗಟ್ಟಿಯಾದ, ಮರಳುಮರಳಾದ ವಸ್ತು ತಗುಲಿತು. ಆ ಕೋಣೆಯ ಸೂರು ಹಳೆಯದು, ಉದುರುವಂಥದು. ಗಾರೆಯ ಚೂರು ಬಿದ್ದಿರಬೇಕೆಂದು ಜೆನ್ನರ್ ತಲೆಯೆತ್ತಿ ನೋಡಿದನಂತೆ. ಆದರೆ ಅದು ಗಾರೆಯಲ್ಲ. ಕರೋನರಿ ಧಮನಿಗಳೇ ಮೂಳೆಯ ಕೊಳವೆಗಳಂತೆ ಗಡುಸಾಗಿದ್ದವು.

ಇಷ್ಟು ಮುಖ್ಯವಾದ ಸಂಗತಿಯನ್ನು ಜೆನ್ನರ್ ಕೂಡಲೇ ಪ್ರಕಟಿಸಲಿಲ್ಲ. ಕಾರಣ ಮನುಷ್ಯ ಸಹಜವಾದದ್ದು. ಅವನ ಗುರು ಹಂಟರನಿಗೇ ಆಂಜೈನಾ ಇದೆ ಎಂಬುದು ಅವನಿಗೆ ಗೊತ್ತಾಗಿತ್ತು. ವಾಸಿಮಾಡಲಾಗದ ಕಾಯಿಲೆಯ ಕಾರಣವನ್ನು ಗುರುವಿಗೆ ತಿಳಿಸಿ ನೋಯಿಸುವುದು ಹೇಗೆ? 1773ರಲ್ಲಿ ಹಂಟರನಿಗೆ ಮೊದಲ ತೀವ್ರ ಬಾಧೆ ಬಂದಾಗ ನೋವು ಕಾಣಿಸಿಕೊಂಡದ್ದು ಎದೆಯಲ್ಲಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ. ನಾಡಿ ಸಿಗುತ್ತಿರಲಿಲ್ಲ, ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಹೆಣದಂತೆ ಬಿಳಿಚಿಕೊಂಡಿತ್ತು. ಸಿಟ್ಟು ಬಂದಾಗಲೆಲ್ಲ ಬಾಧೆ ಮರುಕಳಿಸುತ್ತಿತ್ತು. ತನ್ನನ್ನು ಕೆಣಕುವ ಯಾವ ಪೋಕರಿಯಾದರೂ ತನ್ನ ಪ್ರಾಣ ತೆಗೆಯಬಲ್ಲ ಎಂದು ಹಂಟರ್ ಹೇಳುತ್ತಿದ್ದನೆಂದು ಪ್ರತೀತಿ. 1793ರ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯಲ್ಲಿ ವಾದ ಕಾವೇರಿದಾಗ ಅವನು ಎದ್ದು ಹೊರಬಂದು ಕುಸಿದು ಸತ್ತ. ಶವಪರೀಕ್ಷೆಯಲ್ಲಿ ಅವನ ಕರೋನರಿ ಧಮನಿಗಳು ಗಡುಸಾಗಿದ್ದುದು ಕಂಡಿತು. ಜೆನ್ನರನ ಊಹೆ ನಿಜವಾಗಿತ್ತು. ಅವನ ಅನುಭವವನ್ನು ಮಿತ್ರ ಕೇಲಬ್ ಪ್ಯಾರಿ 1799ರಲ್ಲಿ ತನ್ನ ಪುಸ್ತಕದಲ್ಲಿ ಪ್ರಕಟಿಸಿದ.

ನಡೆದರೆ ಏಕೆ ನೋವು?

ಧಮನಿ ಯಾವಾಗಲೂ ಕಿರಿದಾಗಿಯೇ ಇದ್ದರೆ ನೋವು ಮಾತ್ರ ನಡೆಯುವಾಗ ಏಕೆ? ಇದಕ್ಕೆ 1809ರಲ್ಲಿ ಸ್ಕಾಟ್ಲೆಂಡಿನ ಅಲನ್ ಬರ್ನ್ಸ್ ಸುಂದರವಾದ ಹೋಲಿಕೆಯೊಂದನ್ನು ಕೊಟ್ಟ. ಕಾಲಿಗೆ ಸಾಧಾರಣ ಬಿಗಿಯಾದ ಪಟ್ಟಿ ಕಟ್ಟಿಕೊಂಡು ಸುಮ್ಮನೆ ಕುಳಿತರೆ ತೊಂದರೆಯಿಲ್ಲ. ಅದೇ ಕಾಲಿನಿಂದ ಬಿರಬಿರನೆ ನಡೆದರೆ ಬಲುಬೇಗ ಸೋತು ನೋಯತೊಡಗುತ್ತದೆ. ಒದಗುವ ರಕ್ತ ಅಷ್ಟೇ ಇದ್ದು, ಬೇಡಿಕೆ ಹೆಚ್ಚಿದ್ದೇ ಇದಕ್ಕೆ ಕಾರಣ.

ಪಟ್ಟಿ ಕಟ್ಟದೆಯೇ ಇದನ್ನು ತರಗತಿಯಲ್ಲಿ ತೋರಿಸಬಹುದು. ವಿದ್ಯಾರ್ಥಿಯೊಬ್ಬ ಒಂದು ಕೈಯನ್ನು ನೇರವಾಗಿ ತಲೆಯ ಮೇಲಕ್ಕೆ ಎತ್ತಿ, ಇನ್ನೊಂದನ್ನು ಕೆಳಗೆ ಇಳಿಬಿಟ್ಟು, ಎರಡೂ ಕೈಗಳ ಮುಷ್ಟಿಯನ್ನು ಒಂದೇ ಲಯದಲ್ಲಿ ಬಿಗಿದು ಬಿಡುತ್ತಿರಲಿ. ಮೇಲೆತ್ತಿದ ಕೈ ಮೊದಲು ಸೋಲುತ್ತದೆ. ಅಲ್ಲಿಗೆ ರಕ್ತ ಗುರುತ್ವದ ವಿರುದ್ಧ ಏರಬೇಕಲ್ಲವೇ? ಕೈ ಕೆಳಗಿಳಿಸಿ ಸುಮ್ಮನಿದ್ದರೆ ಸ್ವಲ್ಪ ಹೊತ್ತಿನಲ್ಲಿ ನೋವು ಹೋಗುತ್ತದೆ.

ಹೃದಯದ ಸ್ಥಿತಿ ಕೈಯದಕ್ಕಿಂತ ಕಷ್ಟದ್ದು. ವಿಶ್ರಾಂತಿಯಲ್ಲಿರುವ ಕೈಯ ಸ್ನಾಯು ತನ್ನ ಬಳಿಗೆ ಬಂದ ರಕ್ತದಲ್ಲಿನ ಆಕ್ಸಿಜನ್ನಿನ ಸ್ವಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಹೆಚ್ಚು ಬೇಕಾದರೆ ಅದೇ ರಕ್ತದಿಂದ ಇನ್ನಷ್ಟು ಹೀರಬಲ್ಲದು. ಹೃದಯದ ಸ್ನಾಯುವಾದರೋ ವಿಶ್ರಾಂತಿಯಲ್ಲೇ ಶೇ. 70ಕ್ಕೂ ಹೆಚ್ಚು ಆಕ್ಸಿಜನ್ನನ್ನು ಹೀರಿಬಿಟ್ಟಿರುತ್ತದೆ. ಮಹಡಿ ಹತ್ತುವಾಗ ಅದಕ್ಕೆ ಉಳಿದಿರುವುದು ಒಂದೇ ದಾರಿ: ಹೆಚ್ಚು ರಕ್ತ ಹರಿಯಬೇಕು. ಆರೋಗ್ಯವಂತರಲ್ಲಿ ಈ ಹರಿವು ನಾಲ್ಕೈದು ಪಟ್ಟು ಏರಬಲ್ಲದು. ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ಕಿರಿದಾದ ಧಮನಿಯಲ್ಲಿ ಅದು ಸಾಧ್ಯವಿಲ್ಲ. ‘ನಿಂತರೆ ನಿಲ್ಲುವ ನೋವು’ ಈ ಲೆಕ್ಕಾಚಾರದ ಫಲ.

ಹೃದಯದ ನೋವು ತೋಳಿಗೂ ದವಡೆಗೂ ಹೊಟ್ಟೆಗೂ ಹೋಗುವುದು ಏಕೆ? ಹೃದಯದಿಂದ ಹೊರಟ ನೋವಿನ ನರತಂತುಗಳು ಬೆನ್ನುಹುರಿಯನ್ನು ಸೇರುವುದು ತೋಳಿನ ಒಳಭಾಗದ ಹಾಗೂ ಎದೆಯ ಚರ್ಮದ ತಂತುಗಳು ಸೇರುವ ಮಟ್ಟದಲ್ಲೇ. ಸಂಕೇತ ಎಲ್ಲಿಂದ ಬಂತೆಂದು ಮೆದುಳಿಗೆ ಬೇರ್ಪಡಿಸಿ ತಿಳಿಯಲಾಗುವುದಿಲ್ಲ. ಹೃದಯದ ಕೆಳಗೋಡೆಗೆ ಪೆಟ್ಟು ಬಿದ್ದಾಗ ವೇಗಸ್ ನರ ಕೆರಳಿ ಓಕರಿಕೆ, ವಾಂತಿ ಬರುವುದೂ ಉಂಟು. ಹಂಟರನಂಥ ಅಂಗರಚನಾ ತಜ್ಞನಿಗೂ ತನ್ನ ಬೇನೆಯ ಮೂಲ ತಿಳಿಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

‘ತೀವ್ರ ಅಜೀರ್ಣ’ದಿಂದ ಸತ್ತವರು

ಇಷ್ಟೆಲ್ಲ ತಿಳಿದ ಮೇಲೆ ಹೃದಯಾಘಾತವನ್ನು ಗುರುತಿಸುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಇಡೀ 19ನೆಯ ಶತಮಾನದಲ್ಲಿ ವೈದ್ಯರ ನಂಬಿಕೆ ಹೀಗಿತ್ತು: ಕರೋನರಿ ಧಮನಿ ಮುಚ್ಚಿಹೋದರೆ ಸಾವು ತತ್‌ಕ್ಷಣ. ಆದ್ದರಿಂದ ಬದುಕಿ ನರಳುತ್ತಿರುವವನ ಧಮನಿ ಮುಚ್ಚಿರಲು ಸಾಧ್ಯವೇ ಇಲ್ಲ! ಈ ತರ್ಕದಿಂದಾಗಿ ಗಂಟೆಗಟ್ಟಲೆ ಎದೆನೋವು, ಬೆವರು, ವಾಂತಿಗಳಿಂದ ಬಳಲಿ ಸತ್ತವರ ಕಾಯಿಲೆಗೆ ‘ತೀವ್ರ ಅಜೀರ್ಣ’ ಎಂಬ ಹೆಸರು ಅಂಟಿತು. 1878ರಲ್ಲಿ ಆಡಂ ಹ್ಯಾಮರ್ ಎಂಬ ವೈದ್ಯ, 1910ರಲ್ಲಿ ಕೀವ್ ನಗರದ ಒಬ್ರಾಜ್ತ್ಸೊವ್ ಮತ್ತು ಸ್ತ್ರಾಜೆಸ್ಕೊ ಇದಕ್ಕೆ ವಿರುದ್ಧವಾದ ಪ್ರಕರಣಗಳನ್ನು ಪ್ರಕಟಿಸಿದರು. ಹೆಚ್ಚು ಜನ ಕಿವಿಗೊಡಲಿಲ್ಲ.

1912ರ ಡಿಸೆಂಬರಿನಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಪ್ರಕಟಿಸಿದ ಲೇಖನವನ್ನು ಹೃದಯಾಘಾತದ ಆಧುನಿಕ ತಿಳಿವಳಿಕೆಯ ಆರಂಭ ಎನ್ನಬಹುದು. ಅದರಲ್ಲಿನ ರೋಗಿ 55 ವರ್ಷದ, ಆರೋಗ್ಯವಾಗಿದ್ದಾನೆಂದು ಎಲ್ಲರೂ ತಿಳಿದಿದ್ದ ವ್ಯಕ್ತಿ. ಊಟವಾದ ಒಂದು ಗಂಟೆಗೆ ಎದೆಯ ಕೆಳಭಾಗದಲ್ಲಿ ತೀವ್ರ ನೋವು, ಓಕರಿಕೆ. ತಿಂದದ್ದು ಒಗ್ಗಲಿಲ್ಲವೆಂದುಕೊಂಡು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡ. ನೋವು ಹೋಗಲಿಲ್ಲ. ಬಂದ ವೈದ್ಯರು ಜಠರವನ್ನು ತೊಳೆದು, ಮಾರ್ಫಿನ್ ಚುಚ್ಚಿದರು. ಮೂರು ಗಂಟೆಯ ನಂತರ ನೋವೇನೋ ನಿಂತಿತು. ನೋವು ಶುರುವಾದ 52 ಗಂಟೆಗಳಿಗೆ ಆತ ಸತ್ತ. ಎಡ ಕರೋನರಿ ಧಮನಿಯಲ್ಲಿ ರಕ್ತದ ಹೆಪ್ಪು ಕುಳಿತಿತ್ತು.

52 ಗಂಟೆ! ಹಳೆಯ ನಂಬಿಕೆಯನ್ನು ಉರುಳಿಸಲು ಈ ಒಂದು ಅಂಕಿ ಸಾಕಿತ್ತು. ಧಮನಿ ಮುಚ್ಚಿದ ಮೇಲೂ ಮನುಷ್ಯ ಗಂಟೆಗಳ ಕಾಲ, ದಿನಗಳ ಕಾಲ ಬದುಕಿರಬಲ್ಲ, ಕೆಲವರು ಚೇತರಿಸಿಕೊಳ್ಳಲೂಬಹುದು ಎಂದು ಹೆರಿಕ್ ವಾದಿಸಿದ. ಸಭೆಯಲ್ಲಿ ಅವನು ಪ್ರಬಂಧ ಓದಿದಾಗ ಒಬ್ಬರನ್ನು ಬಿಟ್ಟರೆ ಬೇರಾರೂ ಚರ್ಚೆಗೆ ಏಳಲಿಲ್ಲವಂತೆ. ವೈದ್ಯಲೋಕಕ್ಕೆ ಮಾತಿಗಿಂತ ಹೆಚ್ಚಿನದೇನೋ ಬೇಕಾಗಿತ್ತು. ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕಾಗಿತ್ತು.

ಉಪ್ಪುನೀರಿನಲ್ಲಿ ಕೈಕಾಲು

ಆ ಸಾಕ್ಷ್ಯ ಒದಗಿಸಬಲ್ಲ ಯಂತ್ರ ಅಷ್ಟರಲ್ಲಿ ಸಿದ್ಧವಾಗಿತ್ತು. ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಲೆಂ ಐಂಥೋವೆನ್ ಬೆಳ್ಳಿ ಲೇಪಿಸಿದ ಕ್ವಾರ್ಟ್ಸ್‌ನ ಅತಿ ಸೂಕ್ಷ್ಮ ಎಳೆಯನ್ನು ಬಲವಾದ ಕಾಂತಕ್ಷೇತ್ರದಲ್ಲಿ ತೂಗಿಬಿಟ್ಟು, ಹೃದಯದ ವಿದ್ಯುತ್ ಏರಿಳಿತಕ್ಕೆ ಅದು ಕಂಪಿಸುವುದನ್ನು ಛಾಯಾಚಿತ್ರವಾಗಿ ಹಿಡಿದ. ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಬೇಕಾಗಿತ್ತು. ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ, ನಡೆಸಲು ಐದು ಜನ! ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೂಲಕ ಐಂಥೋವೆನ್ ಹೃದಯದ ಸಂಕೇತವನ್ನೇ ತರಿಸಿಕೊಂಡ. ಅವನಿಗೆ 1924ರ ನೊಬೆಲ್ ಪ್ರಶಸ್ತಿ ಬಂದಿತು. ಇಸಿಜಿಯ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳು ಅವನು ಇಟ್ಟವು.

ಹೆರಿಕ್‌ನ ಸಹಾಯಕ ಫ್ರೆಡ್ ಸ್ಮಿತ್ ನಾಯಿಗಳ ಕರೋನರಿ ಧಮನಿಗಳನ್ನು ಕಟ್ಟಿ, ಇಸಿಜಿಯ ಗೆರೆ ಬದಲಾಗುವುದನ್ನು 1918ರಲ್ಲಿ ತೋರಿಸಿದ. 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ ಅಂಥದೇ ಬದಲಾವಣೆಯನ್ನು ರೋಗಿಯಲ್ಲಿ ಗುರುತಿಸಿದ. ಎಸ್ ಮತ್ತು ಟಿ ಅಲೆಗಳ ನಡುವಿನ ಗೆರೆ ಮೇಲೆದ್ದಿತ್ತು. ಇಂದಿಗೂ ತುರ್ತು ವಿಭಾಗದ ವೈದ್ಯರು ಮೊದಲು ಹುಡುಕುವುದು ಅದನ್ನೇ.

ಯಂತ್ರ ಬಂದರೂ ‘ಅಜೀರ್ಣ’ ಹೋಗಲಿಲ್ಲ. 1955ರ ಸೆಪ್ಟೆಂಬರ್ 23ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕೊಲರಾಡೋದ ಡೆನ್ವರಿನಲ್ಲಿ ಗಾಲ್ಫ್ ಆಡುತ್ತಿದ್ದಾಗ ಒಂದು ಬಗೆಯ ಸಂಕಟವಾಯಿತು. ಮಧ್ಯಾಹ್ನ ತಿಂದ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ಅದಕ್ಕೆ ಕಾರಣವೆಂದು ಅವರು ಬಗೆದರು. ಆ ರಾತ್ರಿ ಎದೆನೋವಿನಿಂದ ಎಚ್ಚರವಾಯಿತು. ಮರುದಿನ ಬೆಳಿಗ್ಗೆ ಪತ್ರಕರ್ತರಿಗೆ ಸಿಕ್ಕ ಸುದ್ದಿ: ಅಧ್ಯಕ್ಷರಿಗೆ ಅಜೀರ್ಣ. ಇಸಿಜಿ ತೆಗೆದದ್ದು ನೋವು ಶುರುವಾಗಿ ಹಲವು ಗಂಟೆಗಳ ಬಳಿಕ, ಮಧ್ಯಾಹ್ನ. ಅದರಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಬಾಸ್ಟನ್ನಿನಿಂದ ಬಂದ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಪತ್ರಿಕಾಗೋಷ್ಠಿಯಲ್ಲಿ ಕರೋನರಿ ಧಮನಿ, ಹೆಪ್ಪು, ಚೇತರಿಕೆ ಎಲ್ಲವನ್ನೂ ಸರಳವಾಗಿ ವಿವರಿಸಿದರು. ಜಗತ್ತಿನ ಲಕ್ಷಾಂತರ ಮಂದಿಗೆ ಅದು ಹೃದಯಾಘಾತದ ಮೊದಲ ಪಾಠವಾಯಿತು.

ಚಿತ್ರದಲ್ಲಿ ಇಲ್ಲದವರು

1962ರಲ್ಲಿ ಲಂಡನ್ನಿನ ಜಿಯೊಫ್ರಿ ರೋಸ್ ಊರೂರುಗಳಲ್ಲಿ ಹೃದ್ರೋಗದ ಸಮೀಕ್ಷೆ ನಡೆಸಲು ಒಂದು ಪ್ರಶ್ನಾವಳಿ ರೂಪಿಸಿದರು. ಏರು ಹತ್ತುವಾಗ ಅಥವಾ ಅವಸರವಾಗಿ ನಡೆಯುವಾಗ ಎದೆಯಲ್ಲಿ ನೋವು ಬರುತ್ತದೆಯೇ? ಬಂದಾಗ ಏನು ಮಾಡುತ್ತೀರಿ? ನಿಂತರೆ ಹೋಗುತ್ತದೆಯೇ? ಎಷ್ಟು ನಿಮಿಷದಲ್ಲಿ? ಓದಿದೊಡನೆ ನಿಮಗೆ ಹೊಳೆದಿರಬೇಕು. ಇದು 194 ವರ್ಷಗಳ ಬಳಿಕ ಪ್ರಶ್ನೆಯ ರೂಪದಲ್ಲಿ ಮರಳಿ ಬಂದ ಹೆಬರ್ಡನ್ನನೇ!

ಆದರೆ ಹೆಬರ್ಡನ್ ಬರೆದ ಚಿತ್ರದಲ್ಲಿ ಒಂದು ಕೊರತೆಯಿತ್ತು. ನೂರರಲ್ಲಿ ಮೂವರೇ ಹೆಂಗಸರು ಎಂಬುದು ನೆನಪಿದೆಯಲ್ಲವೇ? ಐವತ್ತು ದಾಟಿದ ಗಂಡಸು ಎದೆ ಹಿಡಿದುಕೊಂಡು ನಿಲ್ಲುವ ಚಿತ್ರವೇ ಪಠ್ಯಪುಸ್ತಕಗಳಲ್ಲೂ ಸಿನಿಮಾಗಳಲ್ಲೂ ನೆಲೆಯೂರಿತು. ಅಮೆರಿಕದ ಫ್ರೇಮಿಂಗ್‌ಹ್ಯಾಂ ಪಟ್ಟಣದಲ್ಲಿ 1948ರಲ್ಲಿ 5,209 ಸ್ತ್ರೀಪುರುಷರ ಮೇಲೆ ಆರಂಭವಾದ ದೀರ್ಘ ಅಧ್ಯಯನ ಈ ಚಿತ್ರವನ್ನು ತಿದ್ದಿತು. ಎರಡು ವರ್ಷಕ್ಕೊಮ್ಮೆ ಎಲ್ಲರ ಇಸಿಜಿ ತೆಗೆಯುತ್ತಿದ್ದುದರಿಂದ ಗೊತ್ತಾದ ಸಂಗತಿಯನ್ನು 1984ರಲ್ಲಿ ಪ್ರಕಟಿಸಿದರು: ಹೃದಯಾಘಾತಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿನವು ಆ ಹೊತ್ತಿನಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ, ಮುಂದಿನ ಇಸಿಜಿಯಲ್ಲಿ ಮಾತ್ರ ಗುರುತು ಸಿಕ್ಕಿತ್ತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಪೂರ್ತಿ ಮೌನವಾದವು. ಉಳಿದವುಗಳಲ್ಲಿ ಏನೋ ಲಕ್ಷಣ ಇತ್ತು, ಆದರೆ ರೋಗಿಗಾಗಲಿ ವೈದ್ಯರಿಗಾಗಲಿ ಅದು ಹೃದಯದ್ದೆಂದು ಹೊಳೆದಿರಲಿಲ್ಲ. ಇಂಥವು ಹೆಂಗಸರಲ್ಲಿ ಹೆಚ್ಚು. ಹಳೆಯ ಮಧುಮೇಹದಲ್ಲಿ ನರಗಳೇ ಹಾಳಾಗಿರುವುದರಿಂದ ಅವರಲ್ಲೂ ನೋವು ಮಂದವಾಗಿರಬಹುದು, ಇಲ್ಲವೇ ಬಾರದಿರಬಹುದು.

2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೃದಯಾಘಾತದಿಂದ ಪಾರಾದ 515 ಹೆಂಗಸರನ್ನು ಮಾತನಾಡಿಸಿತು. ಅವರಲ್ಲಿ ಶೇ. 95 ಮಂದಿಗೆ ಆಘಾತಕ್ಕೆ ಮೊದಲಿನ ದಿನಗಳಲ್ಲೇ ಯಾವುದಾದರೊಂದು ಹೊಸ ಲಕ್ಷಣ ಕಾಣಿಸಿತ್ತು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಎದೆನೋವಲ್ಲ. ಹಿಂದೆಂದೂ ಇಲ್ಲದಂಥ ಸುಸ್ತು (ಸುಮಾರು ಶೇ. 71), ಆಮೇಲೆ ನಿದ್ರೆಗೇಡು (ಶೇ. 48), ಏದುಸಿರು (ಶೇ. 42). ಆಘಾತಕ್ಕೆ ಮೊದಲು ಎದೆಯಲ್ಲಿ ತೊಂದರೆ ಇದ್ದವರು ಶೇ. 30 ಮಾತ್ರ. ಮನೆಗೆಲಸದ ದಣಿವೆಂದು ತಳ್ಳಿಹಾಕಲು ಇದಕ್ಕಿಂತ ಅನುಕೂಲವಾದ ಲಕ್ಷಣ ಬೇರೆ ಬೇಕೇ? ಹಾಗೆಂದು ಹೆಂಗಸರಿಗೆ ಎದೆನೋವು ಬರುವುದೇ ಇಲ್ಲವೆಂದು ತಿಳಿಯಬೇಡಿ. ಆಘಾತದ ಹೊತ್ತಿನಲ್ಲಿ ಸ್ತ್ರೀಪುರುಷರಿಬ್ಬರಲ್ಲೂ ಅತಿ ಸಾಮಾನ್ಯ ಲಕ್ಷಣ ಎದೆಯ ಬಾಧೆಯೇ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಅಮೆರಿಕದ ಹೃದ್ರೋಗ ಸಂಸ್ಥೆಗಳ 2021ರ ಮಾರ್ಗಸೂಚಿಯಂತೂ ‘ಅಸಹಜ ಎದೆನೋವು’ ಎಂಬ ಮಾತನ್ನೇ ಬಳಸಬೇಡಿ ಎಂದಿದೆ. ಆ ಹೆಸರು ಕೇಳಿದೊಡನೆ ‘ಹೃದಯದ್ದಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುವ ಅಪಾಯವಿದೆಯಲ್ಲ, ಅದಕ್ಕೆ.

ನಿಮಿಷಗಳ ಲೆಕ್ಕ

ಹೆರಿಕ್‌ನ ಕಾಲದಲ್ಲಿ ಹೃದಯಾಘಾತವನ್ನು ಗುರುತಿಸಿದರೂ ಮಾಡಬಹುದಾದದ್ದು ಕಡಿಮೆ: ಮಾರ್ಫಿನ್, ವಾರಗಟ್ಟಲೆ ಹಾಸಿಗೆ. 1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಆಘಾತದ ಮೊದಲ ಗಂಟೆಗಳಲ್ಲೇ ಆಂಜಿಯೋಗ್ರಾಂ ಮಾಡಿದರು. ನಾಲ್ಕು ಗಂಟೆಯೊಳಗೆ ಬಂದವರಲ್ಲಿ ಶೇ. 87 ಮಂದಿಯ ಧಮನಿ ಪೂರ್ತಿ ಮುಚ್ಚಿತ್ತು. ಹಾಗಾದರೆ ಹೆಪ್ಪನ್ನು ಕರಗಿಸಿದರೆ? 1986ರಲ್ಲಿ ಇಟಲಿಯ ‘ಗಿಸ್ಸಿ’ ಎಂಬ ಪ್ರಯೋಗ 11,000ಕ್ಕೂ ಹೆಚ್ಚು ರೋಗಿಗಳಲ್ಲಿ ಸ್ಟ್ರೆಪ್ಟೋಕೈನೇಸ್ ಮದ್ದನ್ನು ಪರೀಕ್ಷಿಸಿತು. ಸಾವುಗಳು ಕಡಿಮೆಯಾದವು. ಮೊದಲ ಒಂದು ಗಂಟೆಯೊಳಗೆ ಮದ್ದು ಪಡೆದವರಲ್ಲಿ ಲಾಭ ಅತಿ ಹೆಚ್ಚು, ತಡವಾದಂತೆಲ್ಲ ಕಡಿಮೆ. ಲಕ್ಷಣವನ್ನು ಗುರುತಿಸುವುದು ಜೀವನ್ಮರಣದ ಪ್ರಶ್ನೆಯಾದದ್ದು ನಿಜವಾಗಿ ಅಂದಿನಿಂದ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ಭಾರತದ 89 ಆಸ್ಪತ್ರೆಗಳ 20,468 ರೋಗಿಗಳ ಮಾಹಿತಿಯನ್ನು 2008ರಲ್ಲಿ ಪ್ರಕಟಿಸಿದರು. ಲಕ್ಷಣ ಶುರುವಾದಾಗಿನಿಂದ ಆಸ್ಪತ್ರೆ ಸೇರುವವರೆಗೆ ಕಳೆದ ಸಮಯದ ಮಧ್ಯಾಂಕ 360 ನಿಮಿಷ, ಅಂದರೆ ಆರು ಗಂಟೆ! ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಮದ್ದು ಸಿಗಲು ಬೇಕಾದದ್ದು 50 ನಿಮಿಷ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೊತ್ತು ಕಳೆದುಹೋಗುತ್ತಿದ್ದುದು ಆಸ್ಪತ್ರೆಯ ಹೊರಗೆ. ದೂರ, ವಾಹನ, ಹಣ ಇವೆಲ್ಲ ಕಾರಣಗಳೇ. ಆದರೆ ‘ಗ್ಯಾಸ್ಟ್ರಿಕ್ ಇರಬೇಕು, ಬೆಳಿಗ್ಗೆ ನೋಡೋಣ’ ಎಂಬ ಮಾತಿನ ಪಾಲೂ ಸಣ್ಣದಲ್ಲ. 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯದವರಲ್ಲಿ ಮೊದಲ ಹೃದಯಾಘಾತದ ವಯಸ್ಸಿನ ಮಧ್ಯಾಂಕ 53, ಉಳಿದವರಲ್ಲಿ ಸುಮಾರು 59. ನಮ್ಮಲ್ಲಿ ಕಾಯಿಲೆ ಬೇಗ ಬರುತ್ತದೆ, ನಾವು ಆಸ್ಪತ್ರೆಗೆ ತಡವಾಗಿ ಹೋಗುತ್ತೇವೆ.

ಚಿತ್ರನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಬಳಿಕ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗೆ ಕಳಿಸಿ, ತಜ್ಞರ ಸಲಹೆಯಂತೆ ಅಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುವ ಏರ್ಪಾಡು ಇದು. ಐಂಥೋವೆನ್ ಒಂದೂವರೆ ಕಿಲೋಮೀಟರ್ ಎಳೆಸಿದ ತಂತಿ ಈಗ ಇಷ್ಟು ಉದ್ದವಾಗಿದೆ!

ಯಾವುದು ಯಾವಾಗ ಮಾತನಾಡುತ್ತದೆ?

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ಹೃದಯಾಘಾತಗಳು ಅಸಾಮಾನ್ಯವಾಗಿ ಏರಿಲ್ಲವೆಂದು ತಜ್ಞರ ಸಮಿತಿ ವರದಿ ಕೊಟ್ಟಿತು. ಆ ಸಾಲಿನಲ್ಲಿ ನಿಂತು ಇಸಿಜಿ ತೆಗೆಸಿಕೊಂಡು ‘ನಾರ್ಮಲ್’ ಎನಿಸಿಕೊಂಡು ಮನೆಗೆ ಮರಳಿದ ಎಷ್ಟೋ ಜನರಿಗೆ ಒಂದು ವಿಷಯ ತಿಳಿದಿರಲಾರದು. ಮಲಗಿದ್ದಾಗ ತೆಗೆಯುವ ಇಸಿಜಿ ಹತ್ತು ಸೆಕೆಂಡುಗಳ ಆಸುಪಾಸಿನ ಚಿತ್ರ. ಧಮನಿ ಕಿರಿದಾಗಿದ್ದರೂ ಹೃದಯಕ್ಕೆ ಆ ಹೊತ್ತಿನಲ್ಲಿ ಕೊರತೆಯಿಲ್ಲದಿದ್ದರೆ ಗೆರೆ ಸಹಜವಾಗಿಯೇ ಇರಬಹುದು. ಹೃದಯದ ಸ್ನಾಯುಕೋಶ ಸತ್ತಾಗ ರಕ್ತಕ್ಕೆ ಸೋರುವ ಟ್ರೊಪೊನಿನ್ ಎಂಬ ಪ್ರೋಟೀನಿನ ಪರೀಕ್ಷೆ 1980ರ ದಶಕದ ಕೊನೆಯಲ್ಲಿ ಬಂದಿತು. 2000ದಲ್ಲಿ ಹೃದಯಾಘಾತದ ವ್ಯಾಖ್ಯೆಯನ್ನೇ ಅದರ ಮೇಲೆ ಕಟ್ಟಿದರು. ಅದೂ ಹೇಳುವುದು ಕೋಶಕ್ಕೆ ಪೆಟ್ಟು ಬಿದ್ದ ಮೇಲೆ. ಆದ್ದರಿಂದಲೇ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಟ್ರೊಪೊನಿನ್ ಪೆಟ್ಟಿನ ನಂತರ ಮಾತನಾಡುತ್ತದೆ, ಇಸಿಜಿ ಹೆಚ್ಚಾಗಿ ಪೆಟ್ಟು ಬೀಳುತ್ತಿರುವಾಗ. ವಾರಗಳ, ತಿಂಗಳುಗಳ ಮೊದಲೇ ಮಾತನಾಡಬಲ್ಲದ್ದು ರೋಗಿಯ ಅನುಭವ.

ಹಾಗಾಗಿ ಸಹೋದ್ಯೋಗಿಯೊಬ್ಬರು ಈಚೆಗೆ ಮಹಡಿ ಹತ್ತುವಾಗ ನಡುವೆ ನಿಲ್ಲುತ್ತಿದ್ದರೆ, ಬಸ್‌ಸ್ಟಾಪಿಗೆ ಬಿರುಸಾಗಿ ನಡೆದಾಗಲೆಲ್ಲ ಎದೆ, ದವಡೆ, ತೋಳು ಅಥವಾ ಹೊಟ್ಟೆಯ ಮೇಲ್ಭಾಗ ಬಿಗಿಯುತ್ತದೆ ಎಂದರೆ, ರೋಸ್ ಅವರ ಪ್ರಶ್ನೆಗಳನ್ನು ಕೇಳಿ. ನೋವು ಎಷ್ಟಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಮುಖ್ಯ. ಹಲವರು ‘ನೋವಿಲ್ಲ, ಭಾರ ಅಷ್ಟೆ’ ಎನ್ನುತ್ತಾರೆ, ಎದೆಯ ಮೇಲೆ ಮುಷ್ಟಿ ಬಿಗಿದು ತೋರಿಸುತ್ತಾರೆ. ವೈದ್ಯರು ಇದನ್ನು ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಹೆಸರಿನಿಂದ ಗುರುತಿಸುತ್ತಾರೆ. ಅಂಥವರು ಆ ವಾರದಲ್ಲೇ ವೈದ್ಯರನ್ನು ಕಾಣಬೇಕು. ಬಿಗಿತ ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರುತ್ತಿದ್ದರೆ ಆ ದಿನವೇ.

ಕುಳಿತಿದ್ದಾಗಲೇ ಬಂದು ಹದಿನೈದು ಇಪ್ಪತ್ತು ನಿಮಿಷವಾದರೂ ಹೋಗದ ಬಾಧೆ, ಜೊತೆಗೆ ತಣ್ಣನೆಯ ಬೆವರು, ಏದುಸಿರು, ವಾಂತಿ, ಕಣ್ಣುಕತ್ತಲೆ ಇದ್ದರಂತೂ ಕಾಯುವ ಮಾತೇ ಇಲ್ಲ. ಸೋಡಾ, ಓಮದ ನೀರು ಕುಡಿಸುತ್ತಾ ಹೊತ್ತು ಕಳೆಯಬೇಡಿ, ನಡೆಸಿಕೊಂಡು ಹೋಗಬೇಡಿ. ಅವರೇ ಸ್ಕೂಟರ್ ಓಡಿಸಿಕೊಂಡು ಹೋಗಲು ಬಿಡಬೇಡಿ. ಕುಳ್ಳಿರಿಸಿ, 108ಕ್ಕೆ ಕರೆ ಮಾಡಿ. ಬಾಧೆ ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಹೋಗುವವರ ಕೈಗೆ ಕೊಡಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೊಂದು. ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ಮೊದಲ 12 ಗಂಟೆಗಳೊಳಗೆ ಮಾತ್ರ ಉಪಯುಕ್ತ, ಆ 12 ಗಂಟೆಗಳನ್ನು ಎಣಿಸುವುದು ಚೀಟಿಯಲ್ಲಿರುವ ಗಂಟೆಯಿಂದ.